ಗುಡ್ ಅಂದರೆ ಬೇಡ

ಏಳು ಸಮುದ್ರಗಳ ಆಚೆಗೇನೂ ಅಲ್ಲ, ಬಸ್ಸಿನ ಕೊನೆಯ ನಿಲ್ದಾಣದಿಂದ ಎರಡನೇ ತಿರುವಿನಲ್ಲಿ, ನೀರಿನ ಟ್ಯಾಂಕಿನ ನೆರಳು ಬೀಳುವ ಮನೆಯ ಮಹಡಿಯಲ್ಲಿ ಒಬ್ಬಳು ಹುಡುಗಿ ಇದ್ದಳಂತೆ. ಅವಳಿಗೆ ರಾಜ್ಯ ಇರಲಿಲ್ಲ, ಒಂದು ಕಪಾಟು ಇತ್ತಂತೆ. ಕಪಾಟಿನಲ್ಲಿ ಸೈನ್ಯ ಇರಲಿಲ್ಲ, ಕಾಮಿಕ್ ಪುಸ್ತಕಗಳು ಇದ್ದವಂತೆ. ಒಂದೊಂದೂ ಪಾರದರ್ಶಕ ಕವರಿನೊಳಗೆ, ಬೆನ್ನಿಗೆ ರಟ್ಟು ಕೊಟ್ಟುಕೊಂಡು, ಫೋಟೋ ತೆಗೆಸಿಕೊಳ್ಳಲು ನಿಂತವರ ಹಾಗೆ ನೆಟ್ಟಗೆ. ಅವನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಹುಡುಗಿ ಕೂಡ ಕೈ ತೊಳೆದು, ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿಕೊಂಡ ಮೇಲೇ ಮುಟ್ಟುತ್ತಿದ್ದದ್ದು.

ಅದೇ ಮನೆಯಲ್ಲಿ ಅವಳ ಅಜ್ಜಿ ಇದ್ದಳಂತೆ. ಅಜ್ಜಿ ಒಂದು ಕಥೆಯ ಕೊನೆಗಾಗಿ ಕಾಯುತ್ತಿದ್ದಳಂತೆ.

ಇನ್ನು 'ಅಂತೆ' ಸಾಕು. ಉಳಿದದ್ದಕ್ಕೆಲ್ಲ ನೋಡಿದವರಿದ್ದಾರೆ.

ಹುಡುಗಿಯ ಅಮ್ಮ ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿಯೇ ಹೆಚ್ಚು. ಹಾಗಾಗಿ ಮಗುವನ್ನು ನಿದ್ದೆಯ ದಡಕ್ಕೆ ಮುಟ್ಟಿಸುವ ಕೆಲಸ ಅಜ್ಜಿಯ ಪಾಲಿಗೆ ಬಂದಿತ್ತು. ಆಗ ಮನೆಯಲ್ಲಿದ್ದದ್ದು ಒಂದೇ ಒಂದು ಕಾಮಿಕ್ಕು, ಬಾವಿ ತೋಡುವವನ ಮಗಳದು. ರಾಕ್ಷಸನೊಬ್ಬ ಊರಿನವರ ದನಿಯನ್ನೆಲ್ಲ ಕದ್ದು ಪಾಳುಬಾವಿಗೆ ಎಸೆದಿರುತ್ತಾನೆ. ಅದನ್ನು ತರಲು ಆ ಹುಡುಗಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಾಳೆ. ಮೇಲೆ ಹಗ್ಗ ಹಿಡಿದಿದ್ದ ಅತ್ತಿಗೆ ಸೆರಗಿನಿಂದ ಕತ್ತರಿ ತೆಗೆಯುತ್ತಾಳೆ. ಕೊನೆಯ ಚೌಕದಲ್ಲಿ ತುಂಡಾದ ಹಗ್ಗ, ಅದರ ಕೆಳಗೆ ಬರೀ ಕಪ್ಪು, ಕಪ್ಪಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ 'ಮಿಕ್ಕದ್ದು ಎರಡನೇ ಭಾಗದಲ್ಲಿ'.

ಎರಡನೇ ಭಾಗ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಅಜ್ಜಿ ತಾನೇ ಕೊನೆ ಕಟ್ಟಿದಳು. ಒಂದು ರಾತ್ರಿ ಹಾವೊಂದು ತನ್ನನ್ನೇ ಹಗ್ಗ ಮಾಡಿ ಇಳಿಬಿಟ್ಟಿತು. ಇನ್ನೊಂದು ರಾತ್ರಿ ಚಂದ್ರ ಬೆಳದಿಂಗಳನ್ನು ಹೊಸೆದು ಕೊಟ್ಟ. ಮಗದೊಂದು ರಾತ್ರಿ ಅತ್ತಿಗೆಗೇ ಪಶ್ಚಾತ್ತಾಪವಾಗಿ ಜಡೆ ಬಿಚ್ಚಿ ಬಾವಿಗೆ ಇಳಿಸಿದಳು. "ನಿಜವಾಗ್ಲೂ ಹೀಗೇನಾ ಅಜ್ಜಿ?" ಎಂದು ಕೇಳಿದರೆ, "ಯಾರಿಗ್ಗೊತ್ತು ಮರಿ? ನಾನೂ ನಿನ್ನ ಹಾಗೇ ಕಟ್ಟೆ ಮೇಲೆ ಕೂತು ಒಳಗೆ ಬಗ್ಗಿ ನೋಡ್ತಾ ಇದ್ದೀನಿ" ಎನ್ನುತ್ತಿದ್ದಳು.

ಹುಡುಗಿ ಬೆಳೆದು ಕೆಲಸಕ್ಕೆ ಸೇರಿದ ದಿನ ಅಜ್ಜಿಯ ಕೈಹಿಡಿದು ಮಾತು ಕೊಟ್ಟಳು. "ಎರಡನೇ ಭಾಗ ಹುಡುಕಿ ತಂದುಕೊಡ್ತೀನಿ. ಆ ಹುಡುಗಿ ಮೇಲೆ ಬಂದ್ಲಾ ಇಲ್ವಾ, ನೀನೇ ನೋಡುವಿಯಂತೆ."

"ಬೇಗ ತಾರೆ," ಎಂದಳು ಅಜ್ಜಿ. "ಪಾಪ, ನೀರಲ್ಲಿ ನಿಂತು ನಿಂತು ಅವಳ ಕಾಲು ಬೆರಳೆಲ್ಲ ಸುಕ್ಕಾಗಿರುತ್ತೆ."

ಕೆಲಸ ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿ, ತಪಾಸಣೆಯ ಮೇಜಿನಲ್ಲಿ. ಓಡುವ ರಬ್ಬರ್ ಪಟ್ಟಿಯ ಮೇಲೆ ಸಾಲಾಗಿ ಬರುವ ಪೆಟ್ಟಿಗೆಗಳಲ್ಲಿ ಮೂಲೆ ಜಜ್ಜಿದ್ದು, ಅಂಚು ಸೀಳಿದ್ದು ಕಂಡರೆ ಎತ್ತಿ ಪಕ್ಕಕ್ಕೆ ಎಸೆಯಬೇಕು. ಪೆಟ್ಟಿಗೆಯೊಳಗೆ ಏನು ಹೋಗುತ್ತದೆ ಎನ್ನುವುದು ಆ ಮೇಜಿಗೆ ಸಂಬಂಧಿಸಿದ್ದಲ್ಲ. ಅವಳ ಕಣ್ಣು ಆ ಕೆಲಸಕ್ಕೆ ಎಷ್ಟು ಪಳಗಿತೆಂದರೆ ಬಸ್ಸಿನಲ್ಲಿ ಎದುರು ಕುಳಿತವರ ಕಾಲರಿನ ಅಂಚು ಸವೆದಿದ್ದರೂ ಕೈ ತಾನಾಗಿ ಮುಂದೆ ಹೋಗುತ್ತಿತ್ತು.

ಎರಡನೇ ಭಾಗ ಹುಡುಕುತ್ತ ಹೋದವಳಿಗೆ ಸಿಕ್ಕಿದ್ದು ಭಾನುವಾರದ ಗುಂಪು. ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೆಯ ಕಾಮಿಕ್ ಸಂಗ್ರಹಿಸುವವರು ಸೇರುತ್ತಿದ್ದರು. ಅಲ್ಲಿ ಹಿರಿಯ ಎಂದರೆ ಪಿನ್ನಣ್ಣ. ಬ್ಯಾಂಕಿನ ಗುಮಾಸ್ತ. ಯಾವ ಪುಸ್ತಕ ಕೊಟ್ಟರೂ ಭೂತಗನ್ನಡಿಯಿಂದ ಮೊದಲು ನೋಡುವುದು ನಡುವಿನ ಪಿನ್ನನ್ನು. ತುಕ್ಕು ಕಂಡರೆ ಮುಖ ಹುಳ್ಳಗೆ ಮಾಡಿ ವಾಪಸ್ ಕೊಡುತ್ತಿದ್ದ. ಅವನೇ ಅವಳಿಗೆ ಗ್ರೇಡು ಕಲಿಸಿದ್ದು. ಅಚ್ಚಿನಿಂದ ಈಗ ಇಳಿದಂತಿದ್ದರೆ ಮಿಂಟ್. ಅದಕ್ಕೆ ಕೆಳಗೆ ಫೈನ್. ಆಮೇಲೆ ವೆರಿ ಗುಡ್, ಆಮೇಲೆ ಗುಡ್, ತಳದಲ್ಲಿ ಪೂರ್.

"ಗುಡ್ ಅಂದ್ರೆ ಚೆನ್ನಾಗಿದೆ ಅಂತಲ್ವಾ?" ಎಂದು ಅವಳು ಮೊದಲ ದಿನ ಕೇಳಿದ್ದಳು.

"ಅಲ್ಲಮ್ಮಾ. ಬೆನ್ನು ಬಿರಿದಿರುತ್ತೆ, ಮೂಲೆ ಹೋಗಿರುತ್ತೆ, ಯಾರೋ ಪುಣ್ಯಾತ್ಮ ಟೇಪು ಮೆತ್ತಿರ್ತಾನೆ. ಬೈಯೋಕೆ ಮನಸ್ಸಾಗದೆ ಗುಡ್ ಅಂತ ಹೆಸರಿಟ್ಟಿದ್ದಾರೆ ಅಷ್ಟೆ. ನಮ್ಮಲ್ಲಿ ಗುಡ್ ಅಂದ್ರೆ ಬೇಡ ಅಂತ."

ಎಲ್ಲಿಯವರೆಗೆ ಇಳಿಯಬಹುದು ಎನ್ನುವುದೇ ಆ ಕೋಣೆಯ ಮುಗಿಯದ ಚರ್ಚೆ. ಒಬ್ಬರು ವೆರಿ ಗುಡ್ ಪರವಾಗಿಲ್ಲ ಎನ್ನುವರು. ಇನ್ನೊಬ್ಬರು ಅಪರೂಪದ್ದಾದರೆ ಗುಡ್ಡಿಗೂ ತಲೆಬಾಗುವರು. ಅವಳು ಮಾತ್ರ ಫೈನಿಗಿಂತ ಒಂದು ಕೂದಲೆಳೆಯೂ ಇಳಿಯಲಿಲ್ಲ. ಗುಂಪಿನವರು ಅವಳನ್ನು ಫೈನಮ್ಮ ಎಂದು ಕರೆಯತೊಡಗಿದರು. ಹೆಸರು ಅವಳಿಗೆ ಹಿತವಾಯಿತು. ಮನೆಯಲ್ಲಿದ್ದ ಹಳೆಯ ಒಂದನೇ ಭಾಗದ ಬೆನ್ನನ್ನು ಅಜ್ಜಿ ಎಂದೋ ದಪ್ಪ ನೀಲಿ ದಾರದಿಂದ ಹೊಲಿದಿದ್ದಳು. ಗುಂಪಿನವರು ಮನೆಗೆ ಬಂದರೆ ಕಾಣಬಾರದೆಂದು ಅವಳು ಅದನ್ನು ಕಪಾಟಿನ ಕೆಳಗಿನ ಖಾನೆಯಲ್ಲಿ ಹೊದಿಕೆಗಳ ಅಡಿಗೆ ತಳ್ಳಿದಳು.

ಒಂದು ಭಾನುವಾರ ಹೊಸಬರೊಬ್ಬರು ಬಂದರು. ಹಲ್ಲಿನ ಡಾಕ್ಟರು, ನಗುಮುಖದ ದಪ್ಪ ಮನುಷ್ಯ. ಚೀಲ ತೆರೆದು ಹೆಮ್ಮೆಯಿಂದ ಹರಡಿದ್ದು ಬರೀ ಪೂರ್, ಹೆಚ್ಚೆಂದರೆ ಗುಡ್. ಮುಖಪುಟ ಇಲ್ಲದ್ದು, ನಡುಹಾಳೆ ಇಲ್ಲದ್ದು, ಮೀಸೆ ಬರೆಸಿಕೊಂಡ ರಾಣಿಯರು. ಆಗ ಅವಳು, ಎಲ್ಲರೂ ತನ್ನತ್ತ ನೋಡುತ್ತಿದ್ದುದರಿಂದಲೇ ಇರಬೇಕು, ಹೇಳಿದಳು. "ಸರ್, ಇದು ಸಂಗ್ರಹ ಅಲ್ಲ, ಚಿಂದಿ ಆಯೋದು."

ಎಲ್ಲರೂ ನಕ್ಕರು. ಡಾಕ್ಟರೂ ನಕ್ಕರು, ಎಲ್ಲರಿಗಿಂತ ಸ್ವಲ್ಪ ತಡವಾಗಿ. ಆ ಹೊತ್ತಿಗೇ ಅವರು ಚಿಂದಿ ಡಾಕ್ಟರಾದರು. ಮುಂದಿನ ಭಾನುವಾರ ಅವರು ಬರಲಿಲ್ಲ, ಆಮೇಲೂ ಬರಲಿಲ್ಲ.

ಇದಾದ ಕೆಲವು ವಾರಗಳಿಗೆ, ಅವಳು ಕಾರ್ಖಾನೆಯಲ್ಲಿದ್ದಾಗ, ಅವಳು ನಂಬರು ಕೊಟ್ಟಿಟ್ಟಿದ್ದ ರದ್ದಿ ಅಂಗಡಿಯವನು ಮನೆಗೆ ಫೋನು ಮಾಡಿದ. ಎತ್ತಿದ್ದು ಅಜ್ಜಿ. ಬಾವಿಯ ಹುಡುಗಿಯ ಎರಡನೇ ಭಾಗ ಬಂದಿದೆ, ಗುಡ್ ಇದೆ, ಮೊಮ್ಮಗಳಿಗೆ ಹೇಳಿ ಎಂದ. ಅಜ್ಜಿಗೆ ಸಂಭ್ರಮವೋ ಸಂಭ್ರಮ. ತನ್ನ ತಂಗಿಗೆ ಫೋನು ಮಾಡಿದಳು. ಕೆಳಗಿನ ಮನೆಯವಳನ್ನು ಕಿಟಕಿಯಿಂದ ಕೂಗಿ ಹೇಳಿದಳು. "ಸಿಕ್ತಂತೆ ಕಣಮ್ಮ, ಅದೂ ಗುಡ್ ಇದೆಯಂತೆ." ಕನ್ನಡಕವನ್ನು ಸೋಪು ಹಾಕಿ ತೊಳೆದಳು. ಸಂಜೆ ಮೊಮ್ಮಗಳು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಹಿಂದಕ್ಕೆ ಓಡಿಸಿದಳು.

ಮೊಮ್ಮಗಳು ಹೋದವಳು ಬರಿಗೈಯಲ್ಲಿ ಬಂದಳು.

"ಅಂಗಡಿ ಮುಚ್ಚಿತ್ತಾ?"

"ಇಲ್ಲ ಅಜ್ಜಿ. ಗುಡ್ ಇತ್ತು. ಬೇಡ ಅಂದೆ."

ಅಜ್ಜಿ ಕನ್ನಡಕ ಸರಿಮಾಡಿಕೊಂಡಳು, ಕೇಳಿಸಿದ್ದು ತಪ್ಪಾದರೆ ಕನ್ನಡಕದಿಂದ ಸರಿಹೋಗುತ್ತದೆ ಎನ್ನುವ ಹಾಗೆ. "ಗುಡ್ ಅಂದ್ಮೇಲೆ ಬೇಡ ಯಾಕೆ?"

ಅವಳು ವಿವರಿಸಿದಳು. ಬೆನ್ನಿನುದ್ದಕ್ಕೂ ಹಳದಿಗಟ್ಟಿದ ಟೇಪು. ಪಿನ್ನು ತುಕ್ಕು. ಕೊನೆಯ ಹಾಳೆಯ ಮೂಲೆ ಹೆಬ್ಬೆರಳಷ್ಟು ಹರಿದುಹೋಗಿದೆ, ಸ್ಕೇಲಿಟ್ಟು ನೋಡಿದೆ. ಇಷ್ಟು ವರ್ಷ ಕಾದಿದ್ದೇವೆ, ಅಜ್ಜಿಗೆ ಹರಕಲು ತಂದುಕೊಡುವುದೇ? ಹೇಳುತ್ತ ಹೇಳುತ್ತ ಅವಳಿಗೆ ತನ್ನ ಮಾತು ತನಗೇ ಪ್ರೀತಿಯ ಮಾತಿನಂತೆ ಕೇಳಿಸಿತು.

ಅಜ್ಜಿ ಎಲ್ಲ ಕೇಳಿದಳು. "ಹೋಗ್ಲಿ ಬಿಡು," ಎಂದಳು. ಆಮೇಲೆ ಮುಂದಕ್ಕೆ ಬಾಗಿ ಮೆಲ್ಲಗೆ, ಗುಟ್ಟು ಕೇಳುವವಳಂತೆ ಕೇಳಿದಳು. "ಹುಡುಗಿ ಮೇಲೆ ಬಂದ್ಲಾ?"

ಅವಳು ಆ ಪುಸ್ತಕದ ಪ್ರತಿ ಹಾಳೆಯನ್ನೂ ತಿರುಗಿಸಿದ್ದಳು. ಹಾಳೆ ಎಣಿಸಿದ್ದಳು, ಅಂಚು ಸವರಿದ್ದಳು, ಬೆಳಕಿಗೆ ಹಿಡಿದು ಕಲೆ ಹುಡುಕಿದ್ದಳು. ಓದಿರಲಿಲ್ಲ. ಒಂದು ಚಿತ್ರವೂ ನೆನಪಿರಲಿಲ್ಲ. ಚಿಕ್ಕಂದಿನಲ್ಲಿ ಯಾವ ಬಾವಿಯೊಳಗೆ ಇಣುಕುತ್ತ ನಿದ್ದೆ ಹೋಗುತ್ತಿದ್ದಳೋ ಅದನ್ನು ಕೈಯಲ್ಲಿ ಹಿಡಿದು, ಅದರ ಕಟ್ಟೆಯ ಬಿರುಕು ಎಣಿಸಿ ಬಂದಿದ್ದಳು.

"ನೋಡ್ಲಿಲ್ಲ ಅಜ್ಜಿ," ಎಂದಳು.

"ಓದೋಕೆ ಬಿಡ್ಲಿಲ್ವಾ ಅಂಗಡಿಯವನು?"

ಅಜ್ಜಿ ಅವಳಿಗೊಂದು ನೆಪ ಕೊಟ್ಟಿದ್ದಳು. ಅವಳು ತಲೆ ಆಡಿಸಿದಳು. ಹೌದೆಂದೋ ಇಲ್ಲವೆಂದೋ ತಿಳಿಯದ ಹಾಗೆ.

"ಚೆನ್ನಾಗಿರೋದೇ ಸಿಗುತ್ತೆ ಬಿಡು ಮರಿ," ಎಂದಳು ಅಜ್ಜಿ. ಎದ್ದುಹೋಗಿ ತಂಗಿಗೆ ಫೋನು ಮಾಡಿದಳು. "ಇಲ್ವಂತೆ ಕಣೇ. ಗುಡ್ ಅಂದ್ರೆ ಗುಡ್ ಅಲ್ವಂತೆ. ನನಗೂ ಅರ್ಥ ಆಗ್ಲಿಲ್ಲ, ಅವಳು ಓದಿದವಳು, ಅವಳಿಗೆ ಗೊತ್ತಿರುತ್ತೆ." ಪಕ್ಕದ ಕೋಣೆಯಲ್ಲಿ ಮೊಮ್ಮಗಳು ಕಪಾಟಿಗೆ ಬೆನ್ನು ಕೊಟ್ಟು ನಿಂತು ಅದನ್ನು ಕೇಳಿಸಿಕೊಂಡಳು. ಆದರೂ ಮರುದಿನ ಹೋಗಿ ತರಲಿಲ್ಲ. ಎರಡನೇ ಭಾಗಕ್ಕೆಂದು ಕಪಾಟಿನಲ್ಲಿ ಬಿಟ್ಟಿದ್ದ ಸಂದಿಯಲ್ಲಿ ಆ ಹಳದಿ ಟೇಪನ್ನು ಊಹಿಸಿಕೊಂಡರೆ ಮನಸ್ಸು ಒಪ್ಪಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಅಜ್ಜಿ ಲೋಟಕ್ಕೆ ಹಾಕುವ ಹಾಲನ್ನು ಅಡುಗೆಮನೆಯ ಕಟ್ಟೆಗೆ ಹಾಕತೊಡಗಿದಳು. ಅಮ್ಮ ಬೆಳಗಿನ ಪಾಳಿ ಬಿಟ್ಟು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಳು. ಮೊಮ್ಮಗಳೂ ರಜೆ ಹಾಕಿ ಹೋದಳು. ಕಣ್ಣಿನ ಡಾಕ್ಟರು ಚಿಕ್ಕ ಪ್ರಾಯದವರು, ನಿಧಾನವಾಗಿ ಹೇಳಿದರು. ದೃಷ್ಟಿಯ ನಡುಭಾಗ ಹೋಗುತ್ತಿದೆ. ಹೋದದ್ದು ಬರುವುದಿಲ್ಲ. ಸುತ್ತಲಿನದು ಉಳಿಯುತ್ತದೆ. ಆಮೇಲೆ ಸಮಾಧಾನಕ್ಕೆಂದು ಸೇರಿಸಿದರು. "ಉಳಿದ ಹಾಗೆ ನಿಮ್ಮ ಆರೋಗ್ಯ ಗುಡ್, ಅಜ್ಜಿ."

"ನಿಮ್ಮ ಗುಡ್ಡಾ, ನನ್ನ ಮೊಮ್ಮಗಳ ಗುಡ್ಡಾ ಡಾಕ್ಟ್ರೇ?" ಎಂದಳು ಅಜ್ಜಿ. "ಇವಳ ಗುಡ್ಡ ಹತ್ತಿದ್ರೆ ಆ ಕಡೆ ಬರೀ ಹಳ್ಳ."

ಡಾಕ್ಟರಿಗೆ ತಿಳಿಯಲಿಲ್ಲ. ಅಮ್ಮ ನಕ್ಕಳು. ಮೊಮ್ಮಗಳು ಗೋಡೆಯ ಮೇಲಿನ ಅಕ್ಷರದ ಪಟ್ಟಿಯ ಕಡೆ ತಿರುಗಿ ಅತಿ ಸಣ್ಣ ಸಾಲನ್ನು ಓದುವವಳಂತೆ ನಿಂತಳು.

ಆ ಸಂಜೆ ಅಜ್ಜಿ ಅವಳನ್ನು ಹತ್ತಿರ ಕೂರಿಸಿಕೊಂಡು ತೋರಿಸಿದಳು. "ನಿನ್ನ ಮುಖ ನೋಡಿದ್ರೆ ಮುಖ ಇರಲ್ಲ ಕಣೇ, ಒಂದು ಮಸಿ ಮುದ್ದೆ, ಸುತ್ತ ಕೂದಲು. ಕಿವಿ ನೋಡಿದ್ರೆ ಆಗ ಮುಖ ಸ್ವಲ್ಪ ಕಾಣುತ್ತೆ." ಮೇಜಿನ ಮೇಲಿದ್ದ ಪತ್ರಿಕೆ ಎತ್ತಿದಳು. "ಇದರಲ್ಲೂ ಅಷ್ಟೆ. ನಡುವೆ ಏನಿದೆ ಗೊತ್ತಾಗಲ್ಲ. ಅಂಚು ಮಾತ್ರ ಚೆನ್ನಾಗಿ ಕಾಣುತ್ತೆ." ಹೇಳಿ ತಾನೇ ನಕ್ಕಳು. "ಈಗ ನಾನೂ ನಿನ್ನ ಹಾಗೇ ನೋಡ್ತೀನಿ ನೋಡು."

ಅಜ್ಜಿ ಅದನ್ನು ಚುಚ್ಚಲೆಂದು ಹೇಳಿರಲಿಲ್ಲ. ಮೊಮ್ಮಗಳ ಜೊತೆ ಒಂದು ಹೋಲಿಕೆ ಸಿಕ್ಕಿತೆಂದು ಖುಷಿಯಲ್ಲೇ ಹೇಳಿದ್ದಳು. ಅದಕ್ಕೇ ಅದು ನೇರ ಹೋಗಿ ನೆಟ್ಟಿತು.

ಮರುದಿನ ಕಾರ್ಖಾನೆಯಿಂದ ಅವಳು ಸೀದಾ ರದ್ದಿ ಅಂಗಡಿಗೆ ಓಡಿದಳು.

"ಅದಾ? ಅವತ್ತೇ ಹೋಯ್ತಲ್ಲಮ್ಮ," ಎಂದ ಅಂಗಡಿಯವನು. "ನೀವು ಮೂಗು ಮುರಿದು ಆ ಕಡೆ ಹೋದ್ರಿ, ಈ ಕಡೆಯಿಂದ ಹಲ್ಲಿನ ಡಾಕ್ಟ್ರು ಬಂದ್ರು. ನಿಮ್ಮೋರೇ ಅಲ್ವಾ, ಏನೋ ಹೆಸರು ಹೇಳ್ತಾರೆ ಅವರಿಗೆ."

ಹೆಸರು ಅವಳಿಗೆ ಗೊತ್ತಿತ್ತು.

ಹಲ್ಲಿನ ಡಾಕ್ಟರ ಕ್ಲಿನಿಕ್ಕು ಔಷಧಿ ಅಂಗಡಿಯ ಮೇಲೆ. ಮೆಟ್ಟಿಲು ಹತ್ತುವಾಗ ಏನೇನೋ ಸುಳ್ಳು ಕಟ್ಟಿಕೊಂಡಳು. ತನ್ನ ಗೆಳತಿಗೆ ಬೇಕಂತೆ, ಲೈಬ್ರರಿಗೆ ಬೇಕಂತೆ. ಕಾಯುವ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಕಿಟಕಿಯಲ್ಲಿ ತಲೆದಿಂಬಿನಷ್ಟು ದೊಡ್ಡ ದವಡೆಯ ಮಾದರಿ. ಗೋಡೆಯ ಉದ್ದಕ್ಕೂ ತಗ್ಗಾದ ಹಲಗೆ, ಅದರ ತುಂಬ ಆ ಭಾನುವಾರದ ಚಿಂದಿಗಳು. ಕೆನ್ನೆ ಊದಿಸಿಕೊಂಡ ಒಂದು ಪುಟ್ಟ ಹುಡುಗಿ ಅಳು ಮರೆತು ಓದುತ್ತಿದ್ದಳು. ಅವಳ ಕೈಯಲ್ಲಿದ್ದ ಪುಸ್ತಕದ ಬೆನ್ನಿಗೆ ಹಳದಿ ಟೇಪು ಇತ್ತು.

ಒಳಗಿನ ಯಂತ್ರದ ಗುಂಯ್ ಸದ್ದು ನಿಂತಿತು. ಡಾಕ್ಟರು ಹೊರಗೆ ಬಂದು ಅವಳನ್ನು ನೋಡಿದರು. "ಓ, ಫೈನಮ್ಮ. ಯಾವ ಹಲ್ಲು?"

ಕಟ್ಟಿಕೊಂಡಿದ್ದ ಸುಳ್ಳುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಸರ್, ನಿಮಗೆ ಆ ಹೆಸರು ಇಟ್ಟಿದ್ದು ನಾನು."

"ಗೊತ್ತಲ್ಲ. ನನ್ನೆದುರಿಗೇ ಇಟ್ರಿ," ಎಂದರು. ಬೇಸರವೇನೂ ಇರಲಿಲ್ಲ, ಮರೆತಿರಲೂ ಇಲ್ಲ. "ಮನೇಲಿ ಹೇಳಿದ್ದೇ ತಪ್ಪಾಯ್ತು, ಈಗ ನನ್ನ ಹೆಂಡತೀನೂ ಹಾಗೇ ಕರೀತಾಳೆ."

ಕುರ್ಚಿಗಳಲ್ಲಿದ್ದ ಹಲ್ಲುನೋವಿನವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವಳು ನಿಂತಲ್ಲೇ ಎಲ್ಲ ಹೇಳಿದಳು. ಅಜ್ಜಿ, ಬಾವಿ, ಕೊಟ್ಟ ಮಾತು, ತಾನು ಹಾಳೆ ಎಣಿಸಿ ವಾಪಸ್ ಕೊಟ್ಟದ್ದು, ಅಜ್ಜಿಯ ಕಣ್ಣು. ಆ ಪುಸ್ತಕ ಕೊಟ್ಟರೆ ತನ್ನ ಕಪಾಟಿನಿಂದ ಯಾವುದನ್ನು ಬೇಕಾದರೂ ತರುತ್ತೇನೆ, ಮಿಂಟ್ ಕೂಡ ಎಂದಳು.

"ನಿಮ್ಮ ಮಿಂಟು ಇಲ್ಲಿಟ್ರೆ ಸಂಜೆ ಹೊತ್ತಿಗೆ ಗುಡ್ ಆಗಿರುತ್ತೆ," ಎಂದರು ಡಾಕ್ಟರು. "ಇಲ್ಲಿಂದ ಪುಸ್ತಕ ಹೊರಗೆ ಹೋಗಲ್ಲಮ್ಮ. ಹೋದದ್ದು ಒಂದೂ ವಾಪಸ್ ಬಂದಿಲ್ಲ. ಇವು ಇದ್ರೇ ಈ ಮಕ್ಕಳು ಬಾಯಿ ತೆಗೆಯೋದು. ಅಜ್ಜೀನೇ ಕರ್ಕೊಂಡು ಬನ್ನಿ." ಒಳಗೆ ಹೊರಟವರು ತಿರುಗಿ ನಿಂತರು. "ಒಂದನೇ ಭಾಗ ನನ್ನ ಹತ್ರ ಇಲ್ಲ. ಮಕ್ಕಳೆಲ್ಲ ಸೀದಾ ಬಾವಿ ತಳದಿಂದಲೇ ಶುರು ಮಾಡ್ತಾವೆ. ಹುಡುಗಿ ಯಾಕೆ ಬಿದ್ಲು ಅಂತ ನನ್ನನ್ನ ಕೇಳ್ತಾವೆ, ನನಗೆಲ್ಲಿ ಗೊತ್ತು."

ಶನಿವಾರ ಮಧ್ಯಾಹ್ನ ಅವಳು ಅಜ್ಜಿಯ ತೋಳು ಹಿಡಿದು ಆ ಮೆಟ್ಟಿಲು ಹತ್ತಿಸಿದಳು. "ಬಾಯಲ್ಲಿ ಒಂದು ಹಲ್ಲಿಲ್ಲ, ಹಲ್ಲಿನ ಡಾಕ್ಟರ ಹತ್ರ ಕರ್ಕೊಂಡು ಬಂದಿದ್ದಾಳೆ," ಎಂದು ಅಜ್ಜಿ ಕುರ್ಚಿಯವರಿಗೆಲ್ಲ ದೂರು ಹೇಳಿದಳು. ದವಡೆ ಹಿಡಿದು ಕುಳಿತಿದ್ದ ಬಸ್ ಡ್ರೈವರೊಬ್ಬ, "ಪುಣ್ಯವಂತರು ನೀವು" ಎಂದು ಎದ್ದು ಜಾಗ ಬಿಟ್ಟ.

ಮೊಮ್ಮಗಳು ಚೀಲದಿಂದ ಮನೆಯ ಹಳೆಯ ಒಂದನೇ ಭಾಗ ತೆಗೆದಳು. ಹೊದಿಕೆಗಳ ಅಡಿಯಲ್ಲಿದ್ದು ಅದು ಅಪ್ಪಚ್ಚಿಯಾಗಿತ್ತು. ಬಾಗಿಲಿಗೆ ಬಂದ ಡಾಕ್ಟರು ನೀಲಿ ದಾರದ ಹೊಲಿಗೆ ನೋಡಿ, "ಇದು ಯಾವ ಗ್ರೇಡು?" ಎಂದರು.

"ಪೂರ್," ಎಂದಳು. ಆಮೇಲೆ ಎಲ್ಲರಿಗೂ ಕೇಳಿಸುವ ಹಾಗೆ, "ನಮ್ಮ ಮನೇದು. ಅಜ್ಜಿ ಹೊಲಿದಿದ್ದು. ಇದು ಇಲ್ಲೇ ಇರ್ಲಿ, ಸರ್."

ಅದನ್ನು ಹಲಗೆಯ ಮೇಲಿಟ್ಟು ಎರಡನೇ ಭಾಗ ಎತ್ತಿಕೊಂಡಳು. ಅಜ್ಜಿ ಪುಸ್ತಕವನ್ನು ತನ್ನ ಎಡಗಿವಿಯ ಕಡೆ ಹಿಡಿಯಲು ಹೇಳಿ, ಕತ್ತು ಓರೆ ಮಾಡಿದಳು. "ಕೋಳಿ ನೋಡೋ ಹಾಗೆ ನೋಡ್ತಿದ್ದೀನಿ, ಯಾರೂ ನಗಬಾರ್ದು." ಮೊಮ್ಮಗಳು ಓದತೊಡಗಿದಳು. ಮೊದಲ ಸಾಲುಗಳಲ್ಲಿ ದನಿ ಏಳಲಿಲ್ಲ. ತಾನು ಒಮ್ಮೆ ಇದೇ ಹಾಳೆಗಳ ಮೇಲೆ ಸ್ಕೇಲಿಟ್ಟಿದ್ದು ಬೆರಳಿಗೆ ನೆನಪಾಗುತ್ತಿತ್ತು.

ಹುಡುಗಿ ನೀರಿಗೆ ಬಿದ್ದಳು. ತಳದಲ್ಲಿ ಊರಿನವರ ದನಿಗಳು ಕಪ್ಪೆಗಳ ಹಾಗೆ ಕುಳಿತಿದ್ದವು. ಒಂದೊಂದನ್ನೇ ಹಿಡಿದು ಮಡಿಲಿಗೆ ಹಾಕಿಕೊಂಡಳು. ತನ್ನ ದನಿಯನ್ನು ನುಂಗಿ, ಮೇಲಕ್ಕೆ ಮುಖ ಮಾಡಿ ಕೂಗಿದಳು. ಜನ ಬಾವಿಯ ಸುತ್ತಲೇ ನಿಂತಿದ್ದರು, ಆದರೆ ಓಗೊಡಲು ಅವರಲ್ಲಿ ಯಾರಿಗೂ ದನಿ ಇರಲಿಲ್ಲ. ಮೇಲೆ ಯಾರೂ ಇಲ್ಲವೆಂದೇ ಅವಳು ತಿಳಿದಳು. ಆಗ ಸೊಂಟದಿಂದ ಅಪ್ಪನ ಮೋಟು ಹಾರೆ ಎಳೆದು ಗೋಡೆಗೆ ಹೊಡೆದಳು. ಒಂದು ಮೆಟ್ಟಿಲು ಕೊರೆದಳು. ಅದರ ಮೇಲೆ ನಿಂತು ಇನ್ನೊಂದು ಕೊರೆದಳು. ಅವಳ ಕೂದಲು ಬೆಳೆಯಿತು, ಮೆಟ್ಟಿಲೂ ಬೆಳೆದವು.

"ನಿಲ್ಲು ನಿಲ್ಲು," ಎಂದಳು ಅಜ್ಜಿ. "ಯಾರೂ ಹಗ್ಗ ಇಳಿಸ್ಲೇ ಇಲ್ವಾ?"

"ಇಲ್ಲ ಅಜ್ಜಿ."

"ಹಾವು? ಚಂದ್ರ?"

"ಯಾರೂ ಬರ್ಲಿಲ್ಲ."

ಅಜ್ಜಿ ತನ್ನ ತೊಡೆಗೆ ತಾನೇ ಹೊಡೆದುಕೊಂಡಳು. "ಬಾವಿ ತೋಡೋನ ಮಗಳಲ್ವಾ ಅವಳು. ಮೊದಲನೇ ಹಾಳೇಲೇ ಬರೆದಿದ್ರು. ಅಷ್ಟು ವರ್ಷ ಹಗ್ಗ ಹುಡುಕಿದೆ, ನನಗೆ ಹೊಳೀಲೇ ಇಲ್ಲ ನೋಡು." ಕೆನ್ನೆ ಊದಿದ್ದ ಆ ಪುಟ್ಟ ಹುಡುಗಿ ಈ ದಿನವೂ ಬಂದಿದ್ದಳು. ತನಗೆ ಮೊದಲೇ ಗೊತ್ತಿತ್ತು ಎನ್ನುವಂತೆ ತಲೆ ಆಡಿಸಿದಳು.

ಕೊನೆಯ ಚೌಕ. ಬಾವಿಯ ಕಟ್ಟೆಯ ಮೇಲೆ ಹುಡುಗಿ ನಿಂತಿದ್ದಾಳೆ, ಮಡಿಲಿನಿಂದ ದನಿಗಳು ಹಾರಿ ಒಬ್ಬೊಬ್ಬರ ಬಾಯಿ ಸೇರುತ್ತಿವೆ. ಅವಳೂ ಬಾಯಿ ತೆರೆದಿದ್ದಾಳೆ. ಅವಳ ತುಟಿಯಿಂದ ಮಾತಿನ ಗುಳ್ಳೆಯ ಬಾಲ ಮೇಲೇರಿ ಹೋಗಿ, ಅಲ್ಲಿಗೆ ಹಾಳೆ ಮುಗಿಯುತ್ತದೆ. ಹೆಬ್ಬೆರಳಷ್ಟು. ಅಳೆದು ನೋಡಿದಾಗ ಹೋದದ್ದು ಮೂಲೆ ಎಂದುಕೊಂಡಿದ್ದಳು. ಹೋದದ್ದು ಮಾತು.

"ಮೇಲೆ ಬಂದ್ಲು ಅಜ್ಜಿ," ಎಂದಳು.

"ಏನಂದ್ಲು?"

"ಹರಿದಿದೆ. ಅವಳ ಮಾತಿದ್ದ ಮೂಲೇನೇ ಇಲ್ಲ."

"ಹರಿದ ಕಡೆಯೆಲ್ಲ ನಿನಗೆ ನಾನು ಎಷ್ಟು ಸಲ ಹೇಳಿಲ್ಲ? ಈಗ ನೀನು ಹೇಳು."

ಡ್ರೈವರು ದವಡೆಯಿಂದ ಕೈ ತೆಗೆದ. ಡಾಕ್ಟರು ಬಾಗಿಲಲ್ಲಿ ಕೈಗವಸು ಅರ್ಧ ಬಿಚ್ಚಿ ನಿಂತಿದ್ದರು. ಮೊಮ್ಮಗಳು ಆ ಖಾಲಿ ಮೂಲೆಯ ಮೇಲೆ ಹೆಬ್ಬೆರಳಿಟ್ಟಳು. ಸರಿಯಾಗಿ ಕೂತಿತು.

"ತಡ ಮಾಡ್ಬಿಟ್ಟೆ, ಅಂದ್ಲು," ಎಂದಳು.

ಅಜ್ಜಿ ಪುಸ್ತಕ ಬಿಟ್ಟು ಅವಳ ಕಿವಿಯ ಕಡೆ ದಿಟ್ಟಿಸಿದಳು.

"ಬಂದ್ಲಲ್ಲ," ಎಂದಳು. "ಮುಚ್ಚು ಇನ್ನು."

ಅವಳು ಪುಸ್ತಕ ಮುಚ್ಚಿದಳು.